ರಂಜಕ ಕರಗಿಸುವ ಜೈವಿಕ ಗೊಬ್ಬರ

ಬೇರಿನ ಬೆಳವಣಿಗೆ, ಹೂ ಬಿಡುವಿಕೆ ಹಾಗೂ ಕಾಳು ಕಟ್ಟುವಿಕೆಗೆ ರಂಜಕವು ಅತ್ಯವಶ್ಯಕ. ಆದರೆ ಸೂಪರ್ ಫಾಸ್ಫೇಟ್ ಅಥವಾ ಡಿ.ಎ.ಪಿ. ರೂಪದಲ್ಲಿ ಭೂಮಿಗೆ ಹಾಕಿದ ರಂಜಕದಲ್ಲಿ ಆ ಹಂಗಾಮಿನ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 15 ರಿಂದ 20 ರಷ್ಟು ಮಾತ್ರ. ಉಳಿದ ಭಾಗವು ಮಲೆನಾಡು ಮತ್ತು ಕರಾವಳಿಯ ಹುಳಿ ಮಣ್ಣಿನಲ್ಲಿ ಕಬ್ಬಿಣ ಹಾಗೂ ಅಲ್ಯೂಮಿನಿಯಂನೊಡನೆ, ಉತ್ತರ ಕರ್ನಾಟಕದ ಸುಣ್ಣಯುಕ್ತ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂನೊಡನೆ ಸೇರಿ ಕರಗದ ರೂಪಕ್ಕೆ ತಿರುಗುತ್ತದೆ. ಹೀಗಾಗಿ ವರ್ಷಾನುವರ್ಷ ಗೊಬ್ಬರ ಹಾಕಿದ ಹೊಲದಲ್ಲಿಯೂ ಬೆಳೆಯು ರಂಜಕದ ಕೊರತೆಯನ್ನು ತೋರಬಹುದು.

ಬ್ಯಾಸಿಲಸ್ ಮೆಗಟೇರಿಯಂ, ಸ್ಯೂಡೋಮೊನಾಸ್ ಸ್ಟ್ರಯೇಟಾ ಮುಂತಾದ ಅಣುಜೀವಿಗಳು ಬೇರಿನ ಸುತ್ತ ವೃದ್ಧಿಗೊಂಡು ಗ್ಲುಕೋನಿಕ್ ಆಮ್ಲದಂತಹ ಸಾವಯವ ಆಮ್ಲಗಳನ್ನು ಸ್ರವಿಸುತ್ತವೆ. ಇವು ಕಟ್ಟಿಬಿದ್ದ ರಂಜಕವನ್ನು ಕರಗಿಸಿ ಬೇರಿಗೆ ಒದಗಿಸುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ರೈಜೋಬಿಯಂ ಗಾಳಿಯಿಂದ ಸಾರಜನಕವನ್ನು ಹೊಸದಾಗಿ ತರುತ್ತದೆ; ಈ ಅಣುಜೀವಿಗಳು ಮಣ್ಣಿನಲ್ಲಿ ಇರುವುದನ್ನು ಬಿಡಿಸಿಕೊಡುತ್ತವೆಯೇ ಹೊರತು ಹೊಸ ರಂಜಕವನ್ನು ಸೇರಿಸುವುದಿಲ್ಲ. ಆದುದರಿಂದ ಮಣ್ಣು ಪರೀಕ್ಷೆ ಮಾಡಿಸದೆ ರಂಜಕ ಗೊಬ್ಬರವನ್ನು ಪೂರ್ತಿ ನಿಲ್ಲಿಸುವುದು ಸೂಕ್ತವಲ್ಲ.

ಬೀಜೋಪಚಾರಕ್ಕೆ ಬೆಲ್ಲದ ತಣ್ಣನೆಯ ಅಂಟು ದ್ರಾವಣದಲ್ಲಿ ಬೀಜಗಳನ್ನು ತೇವಗೊಳಿಸಿ, 10 ಕೆ.ಜಿ. ಬೀಜಕ್ಕೆ 200 ಗ್ರಾಂ ಪುಡಿಯನ್ನು ಸಮನಾಗಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಕೂಡಲೇ ಬಿತ್ತಬೇಕು. ಶಿಲೀಂಧ್ರನಾಶಕ ಅಥವಾ ಕೀಟನಾಶಕದಿಂದ ಉಪಚರಿಸುವುದಿದ್ದಲ್ಲಿ ಅದನ್ನು ಮೊದಲು ಮುಗಿಸಿ, ಅಣುಜೀವಿಯನ್ನು ಕೊನೆಯಲ್ಲಿ ಲೇಪಿಸುವುದು ಕಡ್ಡಾಯ. ನಾಟಿ ಬೆಳೆಗಳಲ್ಲಿ ಸಸಿಗಳ ಬೇರನ್ನು ದ್ರಾವಣದಲ್ಲಿ 15 ರಿಂದ 30 ನಿಮಿಷ ಅದ್ದಬಹುದು. ಭೂಮಿಗೆ ಸೇರಿಸುವುದಾದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ತೇವಾಂಶವಿರುವಾಗ ಹಾಕುವುದು. ಸಾವಯವ ಅಂಶ ತೀರ ಕಡಿಮೆಯಿರುವ ಒಣ ಭೂಮಿಯಲ್ಲಿ ಅಣುಜೀವಿಗಳು ಬಹುಕಾಲ ಬದುಕುವುದಿಲ್ಲ. ರಾಸಾಯನಿಕ ಗೊಬ್ಬರದೊಂದಿಗೆ ನೇರವಾಗಿ ಬೆರೆಸಬಾರದು.

ಪೊಟ್ಟಣದಲ್ಲಿರುವುದು ಜೀವವಿರುವ ವಸ್ತು. ಬಿಸಿಲು ಬೀಳುವ ಅಂಗಡಿಯಲ್ಲಿಟ್ಟ ಅಥವಾ ಅವಧಿ ಮೀರಿದ ಪೊಟ್ಟಣವು ನೋಡಲು ಚೆನ್ನಾಗಿದ್ದರೂ ಬರೀ ಪುಡಿಯೇ ಸರಿ. ಬಿತ್ತನೆಯ ಹಂಗಾಮು ಕಳೆದ ಮೇಲೆ ಆ ನಷ್ಟವನ್ನು ತುಂಬಿಕೊಳ್ಳಲಾಗದು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಜೈವಿಕ ಗೊಬ್ಬರಗಳನ್ನು 2006ರಲ್ಲಿ ತರಲಾಗಿದ್ದು, ಇದರಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ, ಒಂದು ಮಿ.ಲೀ. ದ್ರವದಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕು. ಖರೀದಿಸುವಾಗ ಅಣುಜೀವಿಯ ಹೆಸರು, ತಯಾರಿಕಾ ದಿನಾಂಕ, ಅವಧಿ ಮುಗಿಯುವ ದಿನಾಂಕ ಹಾಗೂ ಬ್ಯಾಚ್ ಸಂಖ್ಯೆಗಳನ್ನು ಪರಿಶೀಲಿಸಿ ರಸೀದಿ ಪಡೆಯತಕ್ಕದ್ದು.

ಮಣ್ಣು ಪರೀಕ್ಷೆ ಹಾಗೂ ಜೈವಿಕ ಗೊಬ್ಬರದ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ ರಸೀದಿ ಹಾಗೂ ತೆರೆಯದ ಪೊಟ್ಟಣದೊಂದಿಗೆ ಅಲ್ಲಿಯೇ ಲಿಖಿತ ದೂರು ಸಲ್ಲಿಸಬಹುದು.