ಮಂಡಿ ಕೀಲು ಬದಲಾವಣೆಯ ನಂತರದ ಮೂಳೆ ಮುರಿತ

ಸವೆದ ಮಂಡಿಯಲ್ಲಿ ಲೋಹ ಮತ್ತು ಪಾಲಿಎಥಿಲೀನಿನ ಕೃತಕ ಕೀಲು ಕೂರಿಸಿದ ಮೇಲೆ ಅದರ ಆಸುಪಾಸಿನಲ್ಲಿ ತೊಡೆಮೂಳೆ, ಕಣಕಾಲ ಮೂಳೆ ಅಥವಾ ಮಂಡಿಚಿಪ್ಪು ಮುರಿಯುವುದನ್ನು ಮಂಡಿ ಕೀಲು ಬದಲಾವಣೆಯ ನಂತರದ ಮೂಳೆ ಮುರಿತ ಎನ್ನುತ್ತಾರೆ. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಬೀಳುವ ಬಿರುಕುಗಳೂ ಇದರಲ್ಲಿ ಸೇರುತ್ತವೆಯಾದರೂ ಹೆಚ್ಚಿನವು ತಿಂಗಳು, ವರ್ಷಗಳ ನಂತರ ಜಾರಿ ಬಿದ್ದಾಗ ಆಗುವಂಥವು. ತೊಡೆಮೂಳೆಯ ಕೆಳತುದಿಯ ಮುರಿತವೇ ಎಲ್ಲಕ್ಕಿಂತ ಸಾಮಾನ್ಯ. ಮೊದಲ ಸಲ ಕೀಲು ಹಾಕಿಸಿಕೊಂಡವರಲ್ಲಿ ಇದರ ಪ್ರಮಾಣವನ್ನು ಬೇರೆ ಬೇರೆ ವರದಿಗಳು ಶೇ. 0.3ರಿಂದ 2.5ರವರೆಗೆ ಹೇಳುತ್ತವೆ, ಮರುಶಸ್ತ್ರಕ್ರಿಯೆ ಆದವರಲ್ಲಿ ಇನ್ನೂ ಹೆಚ್ಚು.

ಕಾರಣಗಳು

ಮುಟ್ಟು ನಿಂತ ಹೆಂಗಸರ ಟೊಳ್ಳುಮೂಳೆ, ಸಂಧಿವಾತ, ಅದಕ್ಕಾಗಿ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ, ನಡಿಗೆ ತಪ್ಪಿಸುವ ನರರೋಗ ಇವು ಮೊದಲ ಸಾಲಿನ ಕಾರಣಗಳು. ಕೀಲಿನದೂ ಒಂದು ಪಾಲಿದೆ. ಕೋಬಾಲ್ಟ್-ಕ್ರೋಮಿಯಂ ಲೋಹ ಗಟ್ಟಿ ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿಗಿ. ಭಾರವನ್ನು ಅದೇ ಹೊರುವುದರಿಂದ ಅದರ ಹಿಂದಿನ ಮೂಳೆಗೆ ಕೆಲಸ ಕಡಿಮೆಯಾಗಿ ಅದು ತೆಳುವಾಗುತ್ತದೆ. ಬೀಳಲು ಎತ್ತರವೇನೂ ಬೇಕಿಲ್ಲ. ಒದ್ದೆಯಾದ ಬಚ್ಚಲು, ಜಾರುವ ಕಾಲೊರಸು, ರಾತ್ರಿ ದೀಪ ಹಾಕದೆ ದಾಟಿದ ಹೊಸ್ತಿಲು ಸಾಕು.

ಕಚ್ಚಿನ ಪ್ರಶ್ನೆ

ಇಂದಿನ ಕೀಲುಗಳ ಮೂಲರೂಪ ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರಿಂದ. ಮಂಡಿಚಿಪ್ಪು ಜಾರಾಡಲೆಂದು ಆ ಕೀಲಿನ ತೊಡೆಯ ಭಾಗಕ್ಕೆ ಮುಂದುಗಡೆ ಮೇಲಕ್ಕೇರುವ ಲೋಹದ ನಾಲಿಗೆಯೊಂದನ್ನು ಕೊಟ್ಟಿದ್ದರು. ಅದು ಕೂರಲು ತೊಡೆಮೂಳೆಯ ಮುಂಭಾಗವನ್ನು ಸಪಾಟಾಗಿ ಕೊಯ್ಯಬೇಕು. ಗರಗಸ ಒಂದೆರಡು ಮಿಲಿಮೀಟರ್ ಆಳಕ್ಕೆ ಇಳಿದರೆ ಮೂಳೆಯ ಗಟ್ಟಿ ಹೊರಪದರದಲ್ಲಿ ಕಚ್ಚು ಬೀಳುತ್ತದೆ. ಕಾಲು ತಿರುಚಿದಾಗ ಒತ್ತಡವೆಲ್ಲ ಬಂದು ಕೂಡುವುದು ಅಲ್ಲಿಯೇ.

1987ರಲ್ಲಿ ಕಲ್ಪ್ ಮತ್ತು ಸಹೋದ್ಯೋಗಿಗಳು, 3 ಮಿ.ಮೀ. ಕಚ್ಚು ಬಿದ್ದರೆ ಮೂಳೆಯ ತಿರುಚು ತಾಳಿಕೆ ಸುಮಾರು ಶೇ. 29ರಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿದರು. 2000ದಲ್ಲಿ ಶವಗಳ ಮೂಳೆಗಳ ಮೇಲೆ ನಡೆದ ಪ್ರಯೋಗದಲ್ಲಿ ಬಾಗುವಿಕೆಯ ತಾಳಿಕೆ ಶೇ. 18, ತಿರುಚಿನದು ಶೇ. 39 ಇಳಿಯಿತು. ಆಗ ಕಚ್ಚೇ ಅಪರಾಧಿ ಎಂಬಂತಾಯಿತು. ಆದರೆ 2005ರಲ್ಲಿ ಅಮೆರಿಕದ ರಿಟರ್ ಗುಂಪು ಸಾವಿರಕ್ಕೂ ಹೆಚ್ಚು ಮಂಡಿಗಳ ಎಕ್ಸ್‌ರೇ ತೆಗೆದು ನೋಡಿತು. ಅವುಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಕಚ್ಚು ಬಿದ್ದಿತ್ತು. ಮುರಿದವು ಎರಡೇ, ಅವೂ ಕಚ್ಚಿಲ್ಲದ ಮೂಳೆಗಳು.

ಈ ವಿರೋಧ ಮೇಲ್ನೋಟದ್ದು. ಪ್ರಯೋಗಶಾಲೆಯ ಮೂಳೆ ಸತ್ತದ್ದು. ಬದುಕಿರುವ ಮೂಳೆ ಕೆಲವು ತಿಂಗಳುಗಳಲ್ಲಿ ಕಚ್ಚಿನ ಅಂಚನ್ನು ತುಂಬಿಕೊಂಡು ಉರುಟಾಗಿಸುತ್ತದೆ. ಹಾಗಾಗಿ ಆಳವಾದ ಕಚ್ಚು ಮೊದಲ ಕೆಲವು ತಿಂಗಳ ಮಟ್ಟಿಗೆ, ಅದರಲ್ಲೂ ಗಟ್ಟಿಯಾದ ಮಂಡಿಯನ್ನು ಅರಿವಳಿಕೆ ಕೊಟ್ಟು ಬಲವಂತದಿಂದ ಮಡಚುವಾಗ, ನಿಜವಾದ ಅಪಾಯ. ಐದಾರು ವರ್ಷ ಕಳೆದು ಮುರಿದ ಮೂಳೆಗೆ ಹಳೆಯ ಎಕ್ಸ್‌ರೇಯ ಕಚ್ಚನ್ನು ತೋರಿಸಿ ಶಸ್ತ್ರವೈದ್ಯರನ್ನು ದೂರುವುದು ಬಹುಮಟ್ಟಿಗೆ ನಿಲ್ಲುವುದಿಲ್ಲ.

ನಮ್ಮ ಕಡೆ ಕಚ್ಚು ಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಭಾರತೀಯ ಹೆಂಗಸರ ತೊಡೆಮೂಳೆಯ ತುದಿ ಚಿಕ್ಕದು. ಪಾಶ್ಚಾತ್ಯರ ಅಳತೆಗೆ ರೂಪಿಸಿದ ಕೀಲುಗಳ ಎರಡು ಸೈಜುಗಳ ನಡುವೆ ಅದು ಸಿಕ್ಕಿಬೀಳುತ್ತದೆ. ಮೂಳೆಯ ಹಿಂಬದಿಯನ್ನು ಆಧಾರವಾಗಿಟ್ಟು ಅಳೆಯುವ ಸಲಕರಣೆಯಲ್ಲಿ ಚಿಕ್ಕ ಸೈಜು ಆರಿಸಿದರೆ ಮುಂದೆ ಕಚ್ಚು ಬೀಳಬಹುದು. ದೊಡ್ಡದು ಆರಿಸಿದರೆ ಮಂಡಿಚಿಪ್ಪಿನ ಜಾಗ ಬಿಗಿದು ಮಡಚಲು ಕಷ್ಟ. ಮುಂಬದಿಯಿಂದ ಅಳೆದರೆ ಕಚ್ಚು ತಪ್ಪುತ್ತದೆ, ಆದರೆ ವ್ಯತ್ಯಾಸವೆಲ್ಲ ಹಿಂದಕ್ಕೆ ಹೋಗಿ ಮಡಚಿದ ಮಂಡಿ ಸಡಿಲವಾಗಬಹುದು. ಕೀಲನ್ನು ಎರಡು ಮೂರು ಡಿಗ್ರಿ ಬಾಗಿಸಿ ಕೂರಿಸುವುದು ಹಲವರು ಹಿಡಿದಿರುವ ನಡುದಾರಿ.

ಗುರುತಿಸುವಿಕೆ ಮತ್ತು ಚಿಕಿತ್ಸೆ

ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಂಡಿಯ ಮೇಲ್ಭಾಗ ಊದಿಕೊಂಡು ಸೊಟ್ಟಗೆ ಕಂಡರೆ ಎಕ್ಸ್‌ರೇ ಸಾಮಾನ್ಯವಾಗಿ ಸಾಕು. ಕೀಲು ಸಡಿಲವೇ ಎಂದು ಅನುಮಾನ ಬಂದಾಗ ಸಿಟಿ ಸ್ಕ್ಯಾನ್ ಬೇಕು. ಬೀಳುವ ಮೊದಲೇ ನೋವಿತ್ತೇ ಎಂದು ಕೇಳುವುದು ಮುಖ್ಯ. ಇತ್ತೆಂದರೆ ಕೀಲು ಸಡಿಲವಾಗಿರಬಹುದು, ಸೋಂಕೂ ಇರಬಹುದು.

ಲೂಯಿಸ್ ಮತ್ತು ರೋರಾಬೆಕ್ ಅವರ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ಮೂಳೆ ಜರುಗಿಲ್ಲ, ಕೀಲು ಭದ್ರವಾಗಿದೆ ಎಂದರೆ ಒಂದನೆಯದು. ಮೂಳೆ ಜರುಗಿದೆ, ಕೀಲು ಭದ್ರವಾಗಿದೆ ಎಂದರೆ ಎರಡನೆಯದು. ಕೀಲೇ ಸಡಿಲವಾಗಿದ್ದರೆ ಮೂರನೆಯದು. ಚಿಕಿತ್ಸೆಯ ದಾರಿ ಕವಲೊಡೆಯುವುದು ಈ ಭದ್ರ-ಸಡಿಲದ ಪ್ರಶ್ನೆಯಲ್ಲಿ. ಭದ್ರವಾಗಿದ್ದರೆ ಮಂಡಿಯ ಕಡೆಯಿಂದ ಒಳಗೆ ರಾಡು ತೂರಿಸುತ್ತಾರೆ, ಇಲ್ಲವೇ ಹೊರಬದಿಗೆ ಲಾಕಿಂಗ್ ಪ್ಲೇಟು ಹಾಕುತ್ತಾರೆ. ಸಡಿಲವಾಗಿದ್ದರೆ, ಅಥವಾ ಕೆಳತುಂಡು ಸ್ಕ್ರೂ ಹಿಡಿಯದಷ್ಟು ಚಿಕ್ಕದಾಗಿದ್ದರೆ, ಮೂಳೆಯ ತುದಿಯನ್ನೇ ತೆಗೆದು ಗಡ್ಡೆ ರೋಗಿಗಳಿಗೆಂದು ರೂಪಿಸಿದ ದೊಡ್ಡ ಕೀಲು ಕೂರಿಸುವುದುಂಟು. ವಯಸ್ಸಾದವರಿಗೆ ಇದರ ಲಾಭ, ಬೇಗ ಎದ್ದು ನಡೆಯಬಹುದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಎದೆಯ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಕಾಡುತ್ತವೆ. ಈ ಮುರಿತದ ನಂತರದ ವರ್ಷದ ಸಾವಿನ ಪ್ರಮಾಣ ಸೊಂಟದ ಮುರಿತದ್ದಕ್ಕೆ ಹತ್ತಿರವಿರುವಂತೆ ಕಾಣುತ್ತದೆ.

ಬೆಂಗಳೂರು, ಕೋಲಾರದ ಕಡೆ ಮೂಳೆ ಮುರಿದರೆ ಪುತ್ತೂರು ಕಟ್ಟಿಗೆ, ಅಂದರೆ ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಹಾಕುವ ಕಟ್ಟಿಗೆ, ಹೋಗುವ ರೂಢಿ ಇನ್ನೂ ಇದೆ. ಕೀಲು ಹಾಕಿದ ಮಂಡಿಯ ಮಟ್ಟಿಗೆ ಅದು ಸಲ್ಲದು. ಬಿದಿರು ದಬ್ಬೆಯ ಕಟ್ಟು ಲೋಹದ ಪಕ್ಕದ ಚಿಕ್ಕ ತುಂಡನ್ನು ಹಿಡಿದಿಡಲಾರದು, ಅಷ್ಟರಲ್ಲಿ ಮಂಡಿಯೂ ಗಟ್ಟಿಯಾಗುತ್ತದೆ.

ಮಂಡಿಚಿಪ್ಪಿನ ಮುರಿತದಲ್ಲಿ ರೋಗಿ ಕಾಲನ್ನು ನೆಟ್ಟಗೆ ಎತ್ತಬಲ್ಲರಾದರೆ ಕತ್ತರಿ ಹಾಕದಿರುವುದೇ ಮೇಲು. ಕಣಕಾಲ ಮೂಳೆಯ ಮುರಿತಗಳು ಅಪರೂಪ. ಅವಕ್ಕೆ 1997ರಲ್ಲಿ ಮೇಯೋ ಕ್ಲಿನಿಕ್‌ನ ಫೆಲಿಕ್ಸ್ ಮತ್ತು ಸಹೋದ್ಯೋಗಿಗಳು ಕೊಟ್ಟ ವಿಂಗಡಣೆಯನ್ನು ಅನುಸರಿಸುತ್ತಾರೆ.

ಖರ್ಚು

ಭಾರತದಲ್ಲಿ 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿ ಕೀಲಿಗೆ ₹54,720, ಮರುಶಸ್ತ್ರಕ್ರಿಯೆಯ ಕೀಲಿಗೆ ₹1,13,950 ಮಿತಿ ಹಾಕಿತು, ಜಿಎಸ್‌ಟಿ ಬೇರೆ. ಕೀಲಿನ ಬೆಲೆ ಇಳಿದರೂ ಮುರಿತವಾದಾಗಿನ ಆಸ್ಪತ್ರೆ ವಾಸ, ರಕ್ತ, ಫಿಸಿಯೋಥೆರಪಿಯ ಬಿಲ್ಲು ಹಾಗೆಯೇ ಉಳಿದಿದೆ.

ಕತಾರ್‌ಗೆ ಹೋಗುವ ಹಿರಿಯರಿಗೆ

ಕತಾರ್‌ನಲ್ಲಿ ಸಾರ್ವಜನಿಕ ಚಿಕಿತ್ಸೆಯ ಬಹುಪಾಲು ದೋಹಾದ ಹಮದ್ ವೈದ್ಯಕೀಯ ನಿಗಮದ್ದು. ಅಷ್ಟು ಬಿಸಿಲಿದ್ದರೂ ಕತಾರ್‌ನಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕ. ಹಗಲೆಲ್ಲ ಒಳಗಿರುವ ಬದುಕು ಮತ್ತು ಮೈ ಮುಚ್ಚುವ ಉಡುಪು ಇದಕ್ಕೆ ಕಾರಣವೆಂದು ಹೇಳುತ್ತಾರೆ. ಮೂಳೆಯನ್ನು ಮೆತ್ತಗಾಗಿಸುವ ಈ ಕೊರತೆಯನ್ನು ಕೀಲು ಹಾಕುವ ಮೊದಲೇ ತೂಗಿ ನೋಡುವುದು ಅಲ್ಲಿಗೂ ಇಲ್ಲಿಗೂ ಸಲ್ಲುವ ಮಾತು.

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮಂಡಿ ಆಪರೇಷನ್ ಮಾಡಿಸಿಕೊಂಡು ಮಕ್ಕಳ ಮನೆಗೆಂದು ಕತಾರ್‌ಗೆ ಹೋಗುವ ಹಿರಿಯರು ಗಮನಿಸಬೇಕಾದ ಸಂಗತಿಗಳು ಎರಡು. 2023ರ ಫೆಬ್ರವರಿ 1ರಿಂದ ಅಲ್ಲಿ ಸಂದರ್ಶಕರಿಗೆ ಆರೋಗ್ಯ ವಿಮೆ ಕಡ್ಡಾಯವಾಯಿತು. ತಿಂಗಳಿಗೆ 50 ರಿಯಾಲ್‌ನ ಮೂಲ ವಿಮೆ ತುರ್ತು ಚಿಕಿತ್ಸೆ ಮತ್ತು ಅಪಘಾತಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡನೆಯದು, ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿರುವ ಕೀಲಿನ ಸ್ಟಿಕ್ಕರ್. ಕಂಪನಿ, ಮಾದರಿ, ಸೈಜು, ಲಾಟ್ ಸಂಖ್ಯೆ ಎಲ್ಲ ಅದರಲ್ಲಿರುತ್ತವೆ. ಮೊಬೈಲಿನಲ್ಲಿ ಅದರ ಫೋಟೊ ಇದ್ದರೂ ಆದೀತು. ಕೆಲವು ಮಾದರಿಗಳಲ್ಲಿ ತೊಡೆಯ ಭಾಗದ ನಡುವೆ ರಾಡು ತೂರುವಷ್ಟು ತೆರಪಿರುತ್ತದೆ, ಕೆಲವಲ್ಲಿ ಅದು ಮುಚ್ಚಿರುತ್ತದೆ ಅಥವಾ ತೀರಾ ಕಿರಿದು. ಸ್ಟಿಕ್ಕರ್ ಇಲ್ಲದಿದ್ದರೆ ಎಕ್ಸ್‌ರೇಯಲ್ಲಿ ಕಾಣುವ ಆಕಾರದಿಂದ ಮಾದರಿಯನ್ನು ಊಹಿಸಬೇಕು. ಊಹೆ ತಪ್ಪಿದರೆ ಮಂಡಿ ತೆರೆದ ಮೇಲೆ ರಾಡು ಕೈಬಿಟ್ಟು ಪ್ಲೇಟಿನ ಪೆಟ್ಟಿಗೆ ತರಿಸಬೇಕಾಗುತ್ತದೆ.