ಅಮೀರಬಾಯಿ ಕರ್ನಾಟಕಿ ಮತ್ತು ಮೂರು ನಿಮಿಷದ ಹಾಡು

ಕಲಬುರಗಿಯ ನೆಹರು ಗಂಜ್ ಮುಖ್ಯವಾಗಿ ತೊಗರಿಯ ಪೇಟೆ. ಅಡತಿ ಅಂಗಡಿಗಳು, ಹಮಾಲರ ಕೂಗು, ಚೀಲಗಳ ರಾಶಿ ಇವುಗಳ ನಡುವೆ ಇತಿಹಾಸದ ಆಕರಗಳನ್ನು ಅರಸುವುದು ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿಯ ಒಂದು ಅಂಗಡಿಯ ಅಟ್ಟದ ಮೇಲೆ ಹಳೆಯ ಗ್ರಾಮೊಫೋನ್ ತಟ್ಟೆಗಳ ಪೆಟ್ಟಿಗೆಯೊಂದು ನಮಗೆ ನೋಡಲು ದೊರೆಯಿತು. ತಟ್ಟೆಗಳಲ್ಲಿ ಕೆಲವು ಒಡೆದಿದ್ದವು. ಉಳಿದವುಗಳಲ್ಲಿ ಒಂದರ ಚೀಟಿಯ ಮೇಲೆ ‘ಕಿಸ್ಮತ್’ ಎಂಬ ಚಿತ್ರದ ಹೆಸರಷ್ಟೇ ಓದಲು ಬರುತ್ತಿತ್ತು. ಹಾಡಿದವರ ಹೆಸರಿದ್ದ ಭಾಗ ಸವೆದುಹೋಗಿತ್ತು. ಅಂಗಡಿಯ ಹಿರಿಯರು ಆ ಧ್ವನಿಯನ್ನು ಬಲ್ಲರು, ಹೆಸರನ್ನು ಅರಿಯರು. ಹಾಡಿದವರು ಕನ್ನಡ ನಾಡಿನವರೇ ಎಂದು ನಾವು ತಿಳಿಸಿದಾಗ ಅವರಿಗೆ ಆದ ಆಶ್ಚರ್ಯವೇ ಈ ಲೇಖನಕ್ಕೆ ಪ್ರೇರಣೆ.

ಅಮೀರಬಾಯಿಯವರ ಊರು ಬೀಳಗಿ. ಅಂದು ಅದು ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯಲ್ಲಿ ಅವರ ಕಂಠ ಪಳಗಿತು. ಅವರ ಸಹೋದರಿ ಗೋಹರಬಾಯಿಯವರು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕಂಪನಿಯ ನಾಯಕಿಯಾಗಿ ಪ್ರಸಿದ್ಧರಾದರು. ಅಮೀರಬಾಯಿಯವರು ೧೯೩೪ರ ‘ವಿಷ್ಣುಭಕ್ತಿ’ ಚಿತ್ರದಿಂದ ಬೋಲಪಟವನ್ನು ಪ್ರವೇಶಿಸಿದರು. ಅವರಿಗೆ ಅಖಿಲ ಭಾರತ ಕೀರ್ತಿಯನ್ನು ತಂದುದು ೧೯೪೩ರಲ್ಲಿ ತೆರೆಕಂಡ ಬಾಂಬೆ ಟಾಕೀಸಿನ ‘ಕಿಸ್ಮತ್’. ಅನಿಲ ಬಿಸ್ವಾಸ್ ಅದರ ಸಂಗೀತ ನಿರ್ದೇಶಕರು, ಪ್ರದೀಪರು ಗೀತಕಾರರು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಗಳಿಗೂ ಮೀರಿ ನಡೆಯಿತು. ಮರುವರ್ಷವೇ ನೌಶಾದರ ಸಂಗೀತವಿದ್ದ ‘ರತನ್’ ಚಿತ್ರದಲ್ಲಿಯೂ ಅವರ ಹಾಡುಗಳು ಜನಪ್ರಿಯವಾದವು.

‘ಕಿಸ್ಮತ್’ ಚಿತ್ರದ ಒಂದು ಮೇಳಗೀತವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ೧೯೪೨ರ ಆಗಸ್ಟಿನ ‘ಭಾರತ ಬಿಟ್ಟು ತೊಲಗಿ’ ಚಳವಳಿ ಇನ್ನೂ ಜನಮನದಲ್ಲಿ ಹಸಿಯಾಗಿದ್ದಾಗ, ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಮೇಳದೊಡನೆ ಹಾಡಿದ ಆ ಗೀತವು ಪರಕೀಯರನ್ನು ದೂರ ಸರಿಯಲು ಆಜ್ಞಾಪಿಸುತ್ತಿತ್ತು. ಪದ್ಯದಲ್ಲಿ ಹೆಸರಿಸಿದ್ದು ಜರ್ಮನಿ ಜಪಾನುಗಳನ್ನು. ಆದುದರಿಂದ ಪರಿಶೀಲಕರು ಅದನ್ನು ತಡೆಯಲಿಲ್ಲ. ಪ್ರೇಕ್ಷಕರು ಅರ್ಥಮಾಡಿಕೊಂಡದ್ದು ಬ್ರಿಟಿಷರನ್ನು. ಅಚ್ಚಿನ ಪಾಠವನ್ನಷ್ಟೇ ಓದುವ ಇತಿಹಾಸಕಾರನಿಗೆ ಈ ಅರ್ಥ ಹೊಳೆಯಲಾರದು. ಹಾಡಿನ ಕಾಲವನ್ನೂ ಕೇಳಿದವರ ಮನಸ್ಸನ್ನೂ ಕೂಡಿಸಿ ನೋಡಿದಾಗಲೇ ಅದು ಆಕರವಾಗುತ್ತದೆ.

ಕನ್ನಡ ನಾಡಿನ ಗಾಯಕಿಯೊಬ್ಬರಿಗೆ ಉರ್ದು-ಹಿಂದಿಯ ಹಾಡು ಹೀಗೆ ಸ್ವಂತವಾದುದು ಹೇಗೆ? ಇದು ಕೇವಲ ಮುಂಬಯಿಯ ಶಿಕ್ಷಣದ ಫಲವಲ್ಲವೆಂದು ನಮ್ಮ ಅಭಿಪ್ರಾಯ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು (೧೫೮೦-೧೬೨೭) ರಾಗಾನುಸಾರವಾಗಿ ಜೋಡಿಸಿದ ದಖನಿ ಗೀತಗಳ ಸಂಗ್ರಹವೇ ‘ಕಿತಾಬ್-ಎ-ನವರಸ್’. ಅದರಲ್ಲಿ ಸರಸ್ವತಿಯ ಸ್ತುತಿಯೂ ಗಣಪತಿಯ ಸ್ತುತಿಯೂ ಇವೆ. ಕನ್ನಡ, ದಖನಿ, ಮರಾಠಿಗಳು ಒಂದೇ ಬೀದಿಯಲ್ಲಿ ಬೆರೆತ ಆ ಪರಂಪರೆ ಬೀಳಗಿಗೂ ಅಪರಿಚಿತವಲ್ಲ, ಕಲಬುರಗಿಗೂ ಅಲ್ಲ. ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಕಲಬುರಗಿಯಲ್ಲಿ ಉರ್ದು ಕಚೇರಿಯ ಮತ್ತು ಶಾಲೆಯ ಭಾಷೆಯಾಗಿತ್ತು. ಪೇಟೆಯಲ್ಲಿ ಇಂದಿಗೂ ಅದು ಕನ್ನಡದ ನೆರೆಯ ಮಾತು. ಆದುದರಿಂದ ಗಂಜಿನ ಕೇಳುಗನಿಗೆ ಅಮೀರಬಾಯಿಯವರ ಹಾಡು ಭಾಷಾಂತರವನ್ನು ಬೇಡಲಿಲ್ಲ.

ಈ ಸಂಗತಿಯನ್ನು ವಿಶಾಲವಾದ ಹಿನ್ನೆಲೆಯಲ್ಲಿ ನೋಡಲು ಅಮೆರಿಕದ ಜಾಜ್ ಸಂಗೀತದ ನಿದರ್ಶನ ಉಪಯುಕ್ತವಾಗಿದೆ. ಅಲ್ಲಿಯ ಬಿಲ್ಲಿ ಹಾಲಿಡೇ (೧೯೧೫-೧೯೫೯) ಅವರ ಮೊದಲ ಮುದ್ರಣ ೧೯೩೩ರದು. ಅಮೀರಬಾಯಿಯವರ ಮೊದಲ ಚಿತ್ರಕ್ಕೆ ಒಂದೇ ವರ್ಷ ಹಿಂದಿನದು. ೧೯೨೫ರಿಂದ ಬಳಕೆಗೆ ಬಂದ ವಿದ್ಯುನ್ಮುದ್ರಣದಿಂದ ಮೆಲ್ಲನೆಯ ಉಸಿರನ್ನೂ ಹಿಡಿಯುವುದು ಸಾಧ್ಯವಾಯಿತು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಅಮೆರಿಕದ ಗೀತಕಾರರು ಈ ಅವಧಿಗೆ ಹೊಂದುವಂತೆ ಮೂವತ್ತೆರಡು ಘಟಕಗಳ ಅಚ್ಚುಕಟ್ಟಾದ ರಚನೆಯನ್ನು ಬಳಸಿದರು. ನಮ್ಮವರು ಸ್ಥಾಯಿ ಅಂತರಾಗಳನ್ನು ಸಂಕ್ಷೇಪಿಸಿದರು. ರಾತ್ರಿಯೆಲ್ಲ ನಡೆಯುತ್ತಿದ್ದ ನಾಟಕದಲ್ಲಿ ‘ಒನ್ಸ್ ಮೋರ್’ ಎಂಬ ಕೂಗಿಗೆ ಬೆಳೆಯುತ್ತಿದ್ದ ಹಾಡು ಈಗ ಮೂರು ನಿಮಿಷದಲ್ಲಿ ಮುಗಿಯಬೇಕಾಯಿತು.

ಇಂಥ ಇಕ್ಕಟ್ಟಿನಲ್ಲಿಯೇ ಗಾಯಕಿಯ ಯೋಗ್ಯತೆ ಪ್ರಕಟವಾಗುತ್ತದೆ. ಹಾಲಿಡೇ ಅವರು ಸಾಧಾರಣವಾದ ಗೀತವನ್ನೂ ತಾಳಕ್ಕಿಂತ ಕೊಂಚ ಹಿಂದೆ ಉಳಿದು ಹಾಡಿ ಅದಕ್ಕೆ ಅನುಭವದ ಭಾರವನ್ನು ಕೊಟ್ಟರು. ಅಮೀರಬಾಯಿಯವರ ಮಾರ್ಗ ಬೇರೆ. ತೆರೆದ, ತುಸು ಗಡಸಾದ ಕಂಠ, ಸ್ಪಷ್ಟವಾದ ಉಚ್ಚಾರ, ಸಾಲಿನ ಕೊನೆಯಲ್ಲಿ ಒಂದು ಸಣ್ಣ ಕೊಂಕು. ಅದರಲ್ಲಿ ರಂಗಗೀತದ ಸಂಸ್ಕಾರ ಕೇಳಿಬರುತ್ತದೆ. ಇವರಿಬ್ಬರಲ್ಲಿ ಪರಸ್ಪರ ಪ್ರಭಾವವಿತ್ತೆಂದು ನಾವು ಹೇಳುತ್ತಿಲ್ಲ. ಒಂದೇ ಯಂತ್ರ ಎರಡು ಸಮಾಜಗಳಲ್ಲಿ ಸದೃಶವಾದ ಸಮಸ್ಯೆಯನ್ನು ಒಡ್ಡಿತೆಂಬುದಷ್ಟೇ ನಮ್ಮ ವಾದ.

ಜಾಜ್ ಸಂಗೀತವೂ ಮುಂಬಯಿಗೆ ಬಾರದಿರಲಿಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ತಾಜಮಹಲ್ ಹೋಟೆಲಿನಲ್ಲಿ ನುಡಿಸುತ್ತಿದ್ದರು. ತರುವಾಯ ಗೋವೆಯ ವಾದಕರು ಆ ಶೈಲಿಯನ್ನು ಚಿತ್ರಗಳ ವಾದ್ಯಮೇಳಕ್ಕೆ ತಂದರು. ಸಿ. ರಾಮಚಂದ್ರರ ಸಂಗೀತವಿದ್ದ ೧೯೪೭ರ ‘ಶಹನಾಯಿ’ ಚಿತ್ರದಲ್ಲಿ ಪಾಶ್ಚಾತ್ಯ ಲಯದ ವಿನೋದಗೀತವೊಂದು ದೇಶಕ್ಕೆಲ್ಲ ಹಬ್ಬಿತು. ಅದೇ ಚಿತ್ರದಲ್ಲಿ ಅಮೀರಬಾಯಿಯವರೂ ಹಾಡಿದ್ದಾರೆ. ಹಳೆಯ ಹಾಗೂ ಹೊಸ ರುಚಿಗಳು ಒಂದೇ ಚಿತ್ರದಲ್ಲಿ ಎದುರುಬದುರಾಗಿ ನಿಂತುದನ್ನು ಇಲ್ಲಿ ಕಾಣಬಹುದು.

ಎರಡೇ ವರ್ಷದಲ್ಲಿ ರುಚಿ ಬದಲಾಯಿತು. ೧೯೪೯ರ ‘ಮಹಲ್’ ಚಿತ್ರದಿಂದ ಲತಾ ಮಂಗೇಶಕರರ ತೆಳುವಾದ, ಎತ್ತರದ ಸ್ವರ ಆದರ್ಶವಾಯಿತು; ಅಮೀರಬಾಯಿ, ಜೊಹರಾಬಾಯಿ ಮೊದಲಾದವರ ತುಂಬುಕಂಠಕ್ಕೆ ಬೇಡಿಕೆ ಇಳಿಯಿತು. ಆ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ತಟ್ಟೆಯ ಮೇಲೆಯೂ ಗಾಯಕಿಯ ಹೆಸರಿರಲಿಲ್ಲ, ಪಾತ್ರದ ಹೆಸರಿತ್ತು. ಅನಾಮಧೇಯತೆ ಅಂದಿನ ಉದ್ಯಮದ ರೂಢಿಯಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಅಮೀರಬಾಯಿಯವರು ೧೯೬೫ರಲ್ಲಿ ನಿಧನರಾದರು.

ಅಮೆರಿಕದಲ್ಲಿ ಎಲ್ಲಾ ಫಿಟ್ಸ್‌ಜೆರಾಲ್ಡ್ ಅವರು ೧೯೫೬ರಿಂದ ೧೯೬೪ರವರೆಗೆ ಕೋಲ್ ಪೋರ್ಟರ್, ಗರ್ಶ್ವಿನ್, ಬರ್ಲಿನ್ ಮುಂತಾದವರ ಗೀತಗಳನ್ನು ರಚನಕಾರರ ಹೆಸರಿನಲ್ಲಿಯೇ ವಿಂಗಡಿಸಿ ದೀರ್ಘಾವಧಿಯ ತಟ್ಟೆಗಳಲ್ಲಿ ಹಾಡಿದರು. ನಿನ್ನೆಯ ಜನಪ್ರಿಯ ಹಾಡು ಹೀಗೆ ಒಂದು ರಾಷ್ಟ್ರದ ಅಭಿಜಾತ ಸಂಪತ್ತೆಂದು ಮನ್ನಣೆ ಪಡೆಯಿತು. ಅಮೀರಬಾಯಿಯವರಿಗೆ ಅಂಥ ಅವಕಾಶ ಒದಗಲಿಲ್ಲ. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅವರನ್ನು ಕುರಿತು ಬರೆದ ಗ್ರಂಥವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ. ಆದರೆ ಸಾಹಿತ್ಯ ಚರಿತ್ರೆಯು ಹಾಡಿದ ಹೆಂಗಸನ್ನು ಹೊರಗಿಟ್ಟರೆ, ಸಂಗೀತ ಚರಿತ್ರೆಯು ಚಿತ್ರಗೀತವನ್ನು ಹೊರಗಿಟ್ಟರೆ, ಬೀಳಗಿಯ ಈ ಮಗಳಿಗೆ ನಮ್ಮ ಪಠ್ಯಗಳಲ್ಲಿ ಸ್ಥಳವೆಲ್ಲಿ?

ಶಿಲಾಶಾಸನದ ಒಂದು ಅಕ್ಷರ ಸವೆದಿದ್ದರೆ ನಾವು ಅದನ್ನು ಊಹಿಸಿ ತುಂಬಲು ವರ್ಷಗಟ್ಟಲೆ ಶ್ರಮಿಸುತ್ತೇವೆ. ಅರಗಿನ ತಟ್ಟೆಯೂ ಕೊರೆದು ಬರೆದ ದಾಖಲೆಯೇ. ಕಲ್ಲಿಗಿಂತ ಬೇಗ ಒಡೆಯುವಂಥದು. ಆಯಾ ಊರಿನ ಅಂಗಡಿ ಮನೆಗಳಲ್ಲಿ ಉಳಿದಿರುವ ತಟ್ಟೆಗಳ ಸಂಖ್ಯೆ, ಚೀಟಿಯ ಬರಹ, ಅವನ್ನು ಕೊಂಡವರ ನೆನಪು ಇವಿಷ್ಟನ್ನು ವಿದ್ಯಾರ್ಥಿಗಳು ಪಟ್ಟಿಮಾಡಿದರೂ ಈ ಕಾರ್ಯಕ್ಕೆ ಉತ್ತಮ ಆರಂಭವಾದೀತು. ಗಂಜಿನ ಆ ತಟ್ಟೆಯ ಲಕೋಟೆಯ ಮೇಲೆ ಹಿರಿಯರ ಅನುಮತಿ ಪಡೆದು ನಾವು ಗಾಯಕಿಯ ಹೆಸರನ್ನು ಬರೆದಿಟ್ಟು ಬಂದೆವು.