ಕಂಠ ಒಡೆದ ಕಥೆ

ನವಲಿಯಲ್ಲಿ ಬೆಳಗಿನ ಜಾವ ಎದ್ದರೆ ಹುಂಜಗಳ ಕೂಗು ಕೇಳುತ್ತದೆ. ಕೊಪ್ಪಳ ಜಿಲ್ಲೆಯ ಈ ಊರಿನ ವಿಶೇಷವೇನೂ ಅಲ್ಲ ಅದು. ಕೋಳಿ ಸಾಕಿದ ಯಾವ ಊರಿನಲ್ಲಾದರೂ ಅಷ್ಟೆ. ಆದರೆ ಅದೇ ಕಾವಿನಲ್ಲಿ ಹುಟ್ಟಿ, ಅದೇ ಕಾಳು ತಿಂದು ಬೆಳೆದ ಹೇಂಟೆ ಹಾಗೆ ಕೂಗುವುದಿಲ್ಲ. ಏಕೆ ಎಂದು ಎಂದಾದರೂ ಕೇಳಿಕೊಂಡಿದ್ದೀರಾ?

ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಆರ್ನಾಲ್ಡ್ ಬರ್ತೋಲ್ಡ್ 1848ರಲ್ಲಿ ಆರು ಎಳೆಯ ಹುಂಜಗಳನ್ನು ಆರಿಸಿಕೊಂಡ. ಎಲ್ಲಕ್ಕೂ ವೃಷಣಗಳನ್ನು ತೆಗೆದ. ಎರಡನ್ನು ಹಾಗೆಯೇ ಬಿಟ್ಟ. ಇನ್ನೆರಡಕ್ಕೆ ಅವುಗಳದೇ ಒಂದು ವೃಷಣವನ್ನು ಹೊಟ್ಟೆಯೊಳಗೆ ಇರಿಸಿದ. ಉಳಿದೆರಡಕ್ಕೆ ಒಂದರದನ್ನು ಇನ್ನೊಂದಕ್ಕೆ ಅದಲುಬದಲು ಮಾಡಿದ. ಮೊದಲಿನೆರಡು ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಸರಿಯಾಗಿ ಕೂಗಲೂ ಇಲ್ಲ. ಉಳಿದ ನಾಲ್ಕೂ ಜುಟ್ಟು ಕೆಂಪಗೆ ಮಾಡಿಕೊಂಡು ಕೂಗಿದವು, ಕಾದಾಡಿದವು. ವೃಷಣದ ನರಗಳ ಸಂಪರ್ಕ ಕಡಿದುಹೋಗಿದ್ದರೂ ಹೀಗಾಗಬೇಕಾದರೆ ಸಂದೇಶ ರಕ್ತದ ಮೂಲಕವೇ ಹೋಗುತ್ತಿರಬೇಕು ಎಂದು 1849ರಲ್ಲಿ ಬರ್ತೋಲ್ಡ್ ಬರೆದ. ಹಾರ್ಮೋನು ಎಂಬ ಪದ ಆಗಿನ್ನೂ ಹುಟ್ಟಿರಲಿಲ್ಲ. ನಾಲ್ಕು ಪುಟಗಳಷ್ಟಿದ್ದ ಆ ಬರಹವನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ರಕ್ತದ ಸಂದೇಶ ಕೈಗೆ ಸಿಕ್ಕಿದ್ದು 1935ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಅರ್ನ್ಸ್ಟ್ ಲಾಕರ್ ತಂಡವು ಸುಮಾರು 100 ಕಿಲೋಗ್ರಾಂ ಹೋರಿ ವೃಷಣಗಳಿಂದ 10 ಮಿಲಿಗ್ರಾಂನಷ್ಟು ಹರಳುಗಳನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಅಡೋಲ್ಫ್ ಬ್ಯೂಟನಾಂಟ್ ಮತ್ತು ಲಿಯೋಪೋಲ್ಡ್ ರುಜಿಚ್ಕಾ ಬೇರೆ ಬೇರೆಯಾಗಿ ಕೊಲೆಸ್ಟೆರಾಲ್‌ನಿಂದ ಅದನ್ನು ತಯಾರಿಸುವ ದಾರಿ ಕಂಡುಕೊಂಡರು. ಇಬ್ಬರಿಗೂ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹೋರಿಯ ಹಂಗಿಲ್ಲದೆ ಹಾರ್ಮೋನು ಔಷಧದಂಗಡಿಗೆ ಬರುವಂತಾಯಿತು.

ಅದೇ 1939ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಘಟನೆ ನಡೆಯಿತು. ಹೆಣ್ಣೆಂದು ದಾಖಲಾಗಿ, ಹೆಣ್ಣಾಗಿ ಬೆಳೆಸಲ್ಪಟ್ಟ, ಆದರೆ ತಾನು ಗಂಡೆಂದೇ ತಿಳಿದಿದ್ದ 24 ವರ್ಷದ ವ್ಯಕ್ತಿಯೊಬ್ಬರು ವೈದ್ಯರಿಂದ ಟೆಸ್ಟೋಸ್ಟೆರಾನ್ ಮಾತ್ರೆ ಪಡೆದು ಸೇವಿಸತೊಡಗಿದರು. ಬ್ರಿಸ್ಟಲ್‌ನ ಮೋಟಾರು ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಅವರ ದನಿ ಗಡಸಾಯಿತು, ಗಡ್ಡ ಬಂತು. ಮೈಕೇಲ್ ಡಿಲನ್ ಎಂಬುದು ಅವರು ಇಟ್ಟುಕೊಂಡ ಹೆಸರು. ಮುಂದೆ ಡಬ್ಲಿನ್‌ನಲ್ಲಿ ಓದಿ ವೈದ್ಯರಾದರು. 1958ರಲ್ಲಿ ಪತ್ರಿಕೆಗಳು ಅವರ ಪೂರ್ವಕಥೆಯನ್ನು ಬಯಲಿಗೆಳೆದಾಗ ಎಲ್ಲ ಬಿಟ್ಟು ಭಾರತಕ್ಕೆ ಬಂದು ಬೌದ್ಧ ದೀಕ್ಷೆ ಪಡೆದರು. 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು. ಇಂದು ಇಂಥವರನ್ನು ಟ್ರಾನ್ಸ್ ಪುರುಷರು ಎನ್ನುತ್ತೇವೆ. ಹೀಗೆ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ನಮಗೆ ತಿಳಿದಿರುವ ಮೊದಲಿಗರಲ್ಲಿ ಡಿಲನ್ ಒಬ್ಬರು.

ಅವರ ಗಂಟಲಿನಲ್ಲಿ ಆದದ್ದೇನು? ತಂಬೂರಿಯನ್ನು ನೆನಪಿಸಿಕೊಳ್ಳಿ. ಖರಜದ ತಂತಿ ಉಳಿದವುಗಳಿಗಿಂತ ದಪ್ಪ. ಅದಕ್ಕೇ ನಿಧಾನವಾಗಿ ಕಂಪಿಸುತ್ತದೆ, ಸ್ವರ ಕೆಳಗಿರುತ್ತದೆ. ನಮ್ಮ ಧ್ವನಿಪೆಟ್ಟಿಗೆಯ ಧ್ವನಿತಂತುಗಳೂ ಹಾಗೆಯೇ. ಮಾತಾಡುವಾಗ ಅವು ವಯಸ್ಕ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಬಾರಿ, ಗಂಡಸರಲ್ಲಿ ಸುಮಾರು 120 ಬಾರಿ ಕಂಪಿಸುತ್ತವೆ. ಟೆಸ್ಟೋಸ್ಟೆರಾನ್ ಈ ತಂತುಗಳನ್ನು ದಪ್ಪ ಮಾಡುತ್ತದೆ. ಚಿಕಿತ್ಸೆ ಆರಂಭಿಸಿದ ಕೆಲವು ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ಗಂಟಲು ಕೆರೆದಂತಾಗುತ್ತದೆ, ದನಿ ಮಾತಿನ ನಡುವೆ ಒಡೆಯುತ್ತದೆ, ಮೇಲಿನ ಸ್ವರಗಳು ಕೈಕೊಡುತ್ತವೆ. ಬಹುಪಾಲು ಇಳಿತ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರ ದನಿಯಲ್ಲಿ ಶಿಕ್ಷಕರು ಪ್ರತಿವರ್ಷ ಕೇಳುವುದೂ ಇದನ್ನೇ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ಮುಖ್ಯವಾದದ್ದು. ಹುಡುಗನಲ್ಲಿ ತಂತುಗಳ ಜೊತೆಗೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯೂ ಬೆಳೆದು ಗಂಟಲಿನ ಉಬ್ಬಾಗಿ ಕಾಣಿಸುತ್ತದೆ. ಗಂಟಲಿನ ಕೊಳವೆಯೂ ಉದ್ದವಾಗುತ್ತದೆ. ಬೆಳವಣಿಗೆ ಮುಗಿದ ಮೇಲೆ ಹಾರ್ಮೋನು ಪಡೆದವರಲ್ಲಿ ಆ ಚೌಕಟ್ಟು ಅಷ್ಟು ಬದಲಾಗದು. ತಂತಿ ದಪ್ಪವಾಯಿತು, ಬುರುಡೆ ಹಳೆಯದೇ ಉಳಿಯಿತು ಎನ್ನಿ. ಆದ್ದರಿಂದ ಸ್ವರ ಇಳಿದರೂ ಕೆಲವರ ದನಿಯಲ್ಲಿ ನಿರೀಕ್ಷಿಸಿದ ತುಂಬುತನ ಬರುವುದಿಲ್ಲ. ಬೇಗ ಇಳಿಯಲೆಂದು ಹೆಚ್ಚು ಪ್ರಮಾಣ ತೆಗೆದುಕೊಳ್ಳುವುದು ಅಪಾಯ. ಕೆಂಪು ರಕ್ತಕಣಗಳು ಮಿತಿಮೀರಿ ಹೆಚ್ಚಿ ರಕ್ತ ಮಂದವಾಗಬಹುದು. ಜಿಮ್‌ಗಳಲ್ಲಿ ಕೈಯಿಂದ ಕೈಗೆ ಸಿಗುವ ಚುಚ್ಚುಮದ್ದನ್ನು ಮುಟ್ಟಲೇಬಾರದು. ಇದು ಹಾರ್ಮೋನು ತಜ್ಞರ ಉಸ್ತುವಾರಿಯಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಪಡೆಯಬೇಕಾದ ಚಿಕಿತ್ಸೆ. ದನಿಯ ತರಬೇತಿಗೆ ವಾಕ್ ಚಿಕಿತ್ಸಕರಿದ್ದಾರೆ.

ಇನ್ನೊಂದು ಸಂಗತಿಯನ್ನು ತಿಳಿಯಲು ನವಲಿಯಿಂದ ದೂರ ಹೋಗಬೇಕಿಲ್ಲ. ಅದೇ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹುಲಿಗಿ ಇದೆ. ಅಲ್ಲಿನ ಹುಲಿಗೆಮ್ಮನ ಜಾತ್ರೆಗೆ ಹೋದವರು ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳನ್ನು ಕಂಡಿರುತ್ತೀರಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರೂ ಹುಲಿಗಿಯಲ್ಲಿಯೇ ದೀಕ್ಷೆ ಪಡೆದವರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಈ ಸಮುದಾಯದ ಹಾಡಿನ ದನಿ ಗಡಸಾಗಿರುವುದಕ್ಕೆ ಕಾರಣ ಈಗ ನಿಮಗೆ ಹೊಳೆದಿರಬೇಕು. ಹರೆಯದಲ್ಲಿ ಒಮ್ಮೆ ಕಂಠ ಒಡೆದರೆ ಮುಗಿಯಿತು. ಮುಂದೆ ಈಸ್ಟ್ರೋಜೆನ್ ಪಡೆದರೂ ದಪ್ಪವಾದ ತಂತು ತೆಳುವಾಗುವುದಿಲ್ಲ. ಟ್ರಾನ್ಸ್ ಪುರುಷರ ಮಟ್ಟಿಗೂ ಇದೇ ನಿಯಮ: ಔಷಧ ನಿಲ್ಲಿಸಿದರೆ ಮುಟ್ಟು ಮರಳಿ ಬರಬಹುದು, ಇಳಿದ ದನಿ ಮೊದಲಿನಂತೆ ಮೇಲೇರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ವೈದ್ಯರು ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಹಾಡುವ ಹವ್ಯಾಸವಿದ್ದವರಿಗಂತೂ ಎರಡು ಸಲ.

ದಪ್ಪ ದನಿಯೆಲ್ಲ ಹಾರ್ಮೋನಿನ ಕೆಲಸವೂ ಅಲ್ಲ ಎಂಬುದಕ್ಕೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಸಾಕ್ಷಿ. ಅವರ ಆರಂಭದ ಧ್ವನಿಮುದ್ರಿಕೆಗಳಲ್ಲಿ ಎಳೆಯ, ತೆಳು ಕಂಠವಿದೆ. ಟಾನ್ಸಿಲ್ ಚಿಕಿತ್ಸೆಯ ನಂತರ ದನಿ ಗಂಡಸಿನದೆಂಬಷ್ಟು ಗಂಭೀರವಾಯಿತು, ಅದೇ ದನಿಯಲ್ಲಿ ಅವರು ಕಿರಾನಾ ಗಾಯಕಿಯನ್ನು ಅರ್ಧ ಶತಮಾನ ಹಾಡಿದರು. ದನಿ ಕೇಳಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ನಮ್ಮ ಕಿವಿಯ ಅಭ್ಯಾಸ ಎಷ್ಟು ದುರ್ಬಲ ನೋಡಿ! ಆದರೂ ಟ್ರಾನ್ಸ್ ಪುರುಷನೊಬ್ಬ ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ, ಫೋನ್ ಎತ್ತಿದಾಗ, ಜನ ಅವನನ್ನು ಅಳೆಯುವುದು ಆ ಅಭ್ಯಾಸದಿಂದಲೇ.

ಲಿಂಗ ಗುರುತನ್ನು ವ್ಯಕ್ತಿಯೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿ ತಂದಿತು. ಇವರಲ್ಲಿ ಕೆಲವರು ನಾಳೆ ನಿಮ್ಮ ಕಾಲೇಜಿನ ಸಹೋದ್ಯೋಗಿಗಳಾಗಬಹುದು. ಕೆಲವರು ಈಗಾಗಲೇ ನಿಮ್ಮ ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿನಲ್ಲಿ ಇರಬಹುದು.

ತರಗತಿಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಆವೃತ್ತಿ ಅಳೆಯುವ ಉಚಿತ ತಂತ್ರಾಂಶ ಮೊಬೈಲ್ ಫೋನುಗಳಿಗೆ ಸಿಗುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಮಾತಾಡುವ ಸಹಜ ದನಿಯಲ್ಲಿ ‘ಆ’ ಎಂದು ಐದು ಸೆಕೆಂಡು ಹೇಳಿ. ಮೊದಲು ಶಿಕ್ಷಕರೇ ಹೇಳಲಿ. ಬಂದ ಅಂಕಿಗಳನ್ನು ಹೆಸರು ಬರೆಯದೆ ಕಪ್ಪುಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಗುರುತಿಸಿ. 140ರಿಂದ 180 ಹರ್ಟ್ಸ್ ನಡುವೆ ಬೀಳುವ ಚುಕ್ಕೆಗಳು ಯಾರವೆಂದು ಊಹಿಸುವಂತೆ ಮಕ್ಕಳನ್ನು ಕೇಳಬೇಡಿ.